ಬೇಕಾಗಬಹುದು

"ನೀವು ಕಳಿಸಿದ ಹೊಸದು ಹಳೇದೇ ಆಗಿದೆ ಮೇಡಂ," ಎಂದು ಕಾಲು ಡಾಕ್ಟರ್ ಫೋನಿನಲ್ಲಿ ಹೇಳಿದಾಗ ಅವಳಿಗೆ ನಗು ಬಂತು. ನೆಪ ಹುಡುಕುವುದಕ್ಕೂ ಈ ಮನುಷ್ಯನಿಗೆ ಜಾಣತನ ಸಾಲದು ಎಂದುಕೊಂಡಳು. ಹೊಸ ಪ್ಲಗಿನ್ ಅನ್ನು ತಾನೇ ಕೂತು ಬರೆದು, ತಾನೇ ಪರೀಕ್ಷಿಸಿ ಕಳಿಸಿದ್ದಳು. ಅದು ಹಳೆಯದಾಗುವುದಾದರೂ ಹೇಗೆ?

ಆದರೂ ಹೊರಟಳು. ಹೊರಡುವ ಮುನ್ನ ಕನ್ನಡಿಯ ಮುಂದೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಳು, ಅದಕ್ಕೆ ತನ್ನನ್ನೇ ಬೈದುಕೊಂಡಳು. ಅಣ್ಣ ನೋಡಿದ ಗಂಡಿಗೆ ಹೋದ ವಾರವಷ್ಟೇ ಹೂಂ ಅಂದಿದ್ದಳು. ಮುಂದಿನ ತಿಂಗಳು ಮದುವೆ, ಆಮೇಲೆ ಬೇರೆ ಊರು, ಬೇರೆ ಕೆಲಸ. ಕಾಲು ಡಾಕ್ಟರಿಗೆ ಇದನ್ನಿನ್ನೂ ಹೇಳಿರಲಿಲ್ಲ. ಹೇಳುವ ಮೊದಲು ಅವನಾಗಿಯೇ ಒಂದು ಮಾತು ಆಡಿಬಿಟ್ಟರೆ, ಅಣ್ಣನ ಎದುರು ನಿಂತು ಕೊಟ್ಟ ಒಪ್ಪಿಗೆಯನ್ನು ವಾಪಸ್ ತೆಗೆದುಕೊಳ್ಳುವಷ್ಟು ಧೈರ್ಯ ಅವಳಲ್ಲಿತ್ತು. ಇವತ್ತೊಂದು ದಿನ ನೋಡೋಣ ಎಂದುಕೊಂಡು ಬಸ್ ಹತ್ತಿದಳು.

ಕಾಲು ಡಾಕ್ಟರ್ ಎನ್ನುವುದು ಬೀದಿಯವರು ಇಟ್ಟ ಹೆಸರು. ಅವನು ಡಾಕ್ಟರಲ್ಲ, ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಮಾಡಿಕೊಡುವವನು. ಉಳಿದ ಕಾಲನ್ನು ಸ್ಕ್ಯಾನ್ ಮಾಡಿ, ಅದರ ಅಚ್ಚನ್ನು ಕಂಪ್ಯೂಟರಿನಲ್ಲಿ ತಿದ್ದಿ, ಕಾಲು ಕೂರುವ ಬಟ್ಟಲನ್ನು ತಯಾರಿಸುತ್ತಿದ್ದ. ಅಂಗಡಿಯಿಂದ ತಂದ ಸಾಫ್ಟ್‌ವೇರ್‌ಗೆ ಎಲ್ಲರ ಕಾಲೂ ಒಂದೇ. ಎಲ್ಲಿ ಬಿಗಿ ಬೇಕು, ಎಲ್ಲಿ ಸಡಿಲ ಬೇಕು ಎನ್ನುವ ಇವನ ಕೈಯ ಅಂದಾಜನ್ನು ಅದಕ್ಕೆ ಹೇಳಿಕೊಡುವ ಪುಟ್ಟ ಪ್ಲಗಿನ್ ಅವಳದು. ಅದನ್ನು ತಿದ್ದುತ್ತಾ ತಿದ್ದುತ್ತಾ ಇಬ್ಬರೂ ಎರಡು ವರ್ಷ ಒಂದೇ ಮೇಜಿನ ಮುಂದೆ ಕೂತಿದ್ದರು.

"ಬಾ ಅಕ್ಕ," ಎಂದಳು ಅವನ ತಂಗಿ. ಮೊಣಕೈವರೆಗೂ ಪ್ಲಾಸ್ಟರ್ ಮೆತ್ತಿಕೊಂಡಿದ್ದಳು. "ಅಣ್ಣ ಬೆಳಿಗ್ಗೆಯಿಂದ ಬಾಗಿಲು ನೋಡಿ ನೋಡಿ ಕತ್ತು ಉಳುಕಿಸ್ಕೊಂಡಿದ್ದಾನೆ. ಅವನಿಗೂ ಒಂದು ಪಟ್ಟಿ ಕಟ್ಟಬೇಕೇನೋ."

"ನಿನ್ನ ಕೆಲಸ ನೀನು ನೋಡು," ಎಂದು ಅವನು ಗದರಿದ. ಕಿವಿ ಮಾತ್ರ ಕೆಂಪಾಗಿತ್ತು. ಅವಳು ಅದನ್ನು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿ, ಅವಸರವಾಗಿ ಮೇಜಿನ ಮೇಲಿದ್ದ ಬಟ್ಟಲನ್ನು ಕೈಗೆತ್ತಿಕೊಂಡ.

"ಟೈಲರಮ್ಮನಿಗೆ ಮಾಡಿದ್ದು. ಮೂಳೆಯ ತುದಿಗೆ ಒತ್ತಿ ಗಾಯ ಆಗಿದೆ. ನೀವು ಅಲ್ಲಿ ಜಾಗ ಬಿಟ್ಟಿದ್ರಿ ಅಲ್ವಾ?"

"ಬಿಟ್ಟಿದ್ದೆ."

"ಇದರಲ್ಲಿ ಬಿಟ್ಟಿಲ್ಲ."

ನೆಪವಲ್ಲ, ನಿಜವೇ. ಅವಳ ಎದೆಯೊಳಗೆ ಏನೋ ಸ್ವಲ್ಪ ಕುಸಿಯಿತು. ಕುರ್ಚಿ ಎಳೆದು ಕೂತಳು.

ಸಾಫ್ಟ್‌ವೇರ್ ತೆರೆದಾಗ ಮೂಲೆಯಲ್ಲಿ ಕಂಡ ಪ್ಲಗಿನ್ ಆವೃತ್ತಿಯ ಸಂಖ್ಯೆ ಹೊಸದರದ್ದಾಗಿರಲಿಲ್ಲ. ಹೊಸದನ್ನು ಮತ್ತೊಮ್ಮೆ ಹಾಕಿದಳು. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದಳು. ಹಳೆಯದೇ ಬಂತು. ಕೊನೆಗೆ ಹೊಸದನ್ನು ಪೂರ್ತಿ ತೆಗೆದೇಹಾಕಿದಳು. ಆಗಲೂ ಹಳೆಯದು ಏನೂ ಆಗಿಲ್ಲವೆಂಬಂತೆ ಬಂದು ಕೂತಿತು.

"ದೆವ್ವ ಇರಬೇಕು," ಎಂದ ಅವನು, ಹಿಂದೆ ನಿಂತು.

"ದೆವ್ವಕ್ಕೂ ವಾಸಕ್ಕೊಂದು ಫೋಲ್ಡರ್ ಬೇಕು."

ಅವನು ನಕ್ಕ. ಮೊದಲು ಕಣ್ಣು ನಗುತ್ತಿತ್ತು, ಆಮೇಲೆ ತುಟಿ. ಬೆರಳಿಗೆ ಅಂಟು ಹತ್ತಿದ್ದರಿಂದ ಮಣಿಕಟ್ಟಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಈ ನಗುವನ್ನು ಇನ್ನು ಯಾರು ನೋಡುತ್ತಾರೋ ಎಂಬ ಯೋಚನೆ ಬಂದು ಅವಳು ಥಟ್ಟನೆ ಪರದೆಯ ಕಡೆಗೆ ತಿರುಗಿದಳು.

ಹುಡುಕಿದಾಗ ಸಿಕ್ಕಿತು. ಪ್ಲಗಿನ್‌ಗಳ ಫೋಲ್ಡರಿನೊಳಗೆ ಇನ್ನೊಂದು ಫೋಲ್ಡರ್, ಹೆಸರು 'ಬೇಕಾಗಬಹುದು'. ತೆರೆದು ನೋಡಿದರೆ ಅವಳು ಇಷ್ಟು ದಿನ ಕಳಿಸಿದ್ದೆಲ್ಲವೂ ಅಲ್ಲಿತ್ತು. ಮೊಟ್ಟಮೊದಲನೆಯದು, ತಪ್ಪು ಲೆಕ್ಕದ್ದು, ನೋಡಿದರೆ ತನಗೇ ನಾಚಿಕೆಯಾಗುವಂಥದ್ದು, ಒಂದು ಮಧ್ಯಾಹ್ನ ಸುಮ್ಮನೆ ಪ್ರಯೋಗಕ್ಕೆಂದು ಕಳಿಸಿ ಮರೆತದ್ದು, ಎಲ್ಲ. ಸಾಫ್ಟ್‌ವೇರ್ ಒಳಗಿನ ಫೋಲ್ಡರುಗಳನ್ನೂ ತಡಕಾಡಿ, ಮೊದಲು ಸಿಕ್ಕಿದ ಪ್ರತಿಯನ್ನೇ ಎತ್ತಿಕೊಂಡು ಹುಡುಕಾಟ ನಿಲ್ಲಿಸಿಬಿಡುತ್ತಿತ್ತು.

"ಇದನ್ನ ಇಲ್ಲಿ ಇಟ್ಟವರು ಯಾರು?"

"ನಾನೇ. ಮೊದಲು ಬೇರೆ ಕಡೆ ಇತ್ತು. ಹೋದ ವಾರ ಕಂಪ್ಯೂಟರ್ ಕ್ಲೀನ್ ಮಾಡುವಾಗ ಇಲ್ಲಿಗೆ ತಂದೆ. ನಿಮ್ಮದೆಲ್ಲ ಒಂದೇ ಕಡೆ ಇರ್ಲಿ ಅಂತ."

"ಹೊಸದು ಬಂದ್ಮೇಲೆ ಹಳೇದನ್ನ ಅಳಿಸಿ ಅಂತ ಬಡ್ಕೊಂಡಿದ್ದೆ."

"ಹೌದು." ಅವನು ಬಟ್ಟಲಿನ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದ. "ನೀವು ಬರೆದಿದ್ದು. ಅಳಿಸೋಕೆ ಮನಸ್ಸು ಬರ್ಲಿಲ್ಲ."

ಎರಡು ವರ್ಷ ಕಾದಿದ್ದ ಮಾತು ಇದೇ. ಆದರೆ ಖುಷಿಗಿಂತ ಮೊದಲು ಅವಳಿಗೆ ಸಿಟ್ಟು ಬಂತು.

"ಮತ್ತೆ ಇಷ್ಟು ದಿನ ಯಾಕೆ ಬಾಯಿಗೆ ಬೀಗ ಹಾಕ್ಕೊಂಡಿದ್ರಿ?"

"ಎಲ್ಲಿ ನೋಯ್ತಿದೆ ಅಂತ ಬಂದವರೇ ಹೇಳ್ಬೇಕು ಮೇಡಂ, ನಾನು ಊಹಿಸಬಾರದು. ಊಹಿಸಿದಾಗೆಲ್ಲ ಯಾರಿಗೋ ಗಾಯ ಮಾಡಿದ್ದೀನಿ. ನಿಮ್ಮ ಮನಸ್ಸಲ್ಲಿ ಏನಾದ್ರೂ ಇದ್ರೆ ನೀವೇ ಹೇಳ್ತೀರಿ ಅಂದ್ಕೊಂಡೆ."

"ನಾನು ಕಾಲು ಮಾಡಿಸ್ಕೊಳ್ಳೋಕೆ ಬಂದವಳಲ್ಲ," ಎಂದಳು. "ಮುಂದಿನ ತಿಂಗಳು ನನ್ನ ಮದುವೆ."

ಒಳಗೆ ತಂಗಿ ಪ್ಲಾಸ್ಟರ್ ಕಲಸುವ ಸದ್ದು ನಿಂತಿತು. ಅವನು ಬಟ್ಟಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಒಳ್ಳೆಯವರಾ?"

"ಒಳ್ಳೆಯವರು. ನನ್ನನ್ನ ಕೇಳಿದ್ರು."

ಕೇಳಿದ್ರು ಎನ್ನುವುದನ್ನು ಅವಳು ಬೇಕೆಂದೇ ಒತ್ತಿ ಹೇಳಿದ್ದಳು. ಅದು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಅವನ ಮುಖ ನೋಡಿದ ಮೇಲೆ, ಹೇಳಬಾರದಿತ್ತು ಅನ್ನಿಸಿತು.

"ಹೋಗ್ಬೇಡ ಅನ್ನಿ," ಎಂದಳು ಮೆತ್ತಗೆ. ನಾಚಿಕೆ, ಬಿಂಕ ಎಲ್ಲವನ್ನೂ ಬದಿಗಿಟ್ಟಿದ್ದಳು. "ಒಂದು ಸಲ ಅನ್ನಿ. ಅಣ್ಣನ ಹತ್ತಿರ ನಾನು ಮಾತಾಡ್ತೀನಿ."

ಅವನು ಅವಳನ್ನೇ ನೋಡಿದ. ಇಷ್ಟು ನೇರವಾಗಿ, ಇಷ್ಟು ಹೊತ್ತು ಅವನೆಂದೂ ನೋಡಿರಲಿಲ್ಲ. ಕಣ್ಣಂಚು ಒದ್ದೆಯಾಗುವುದನ್ನು ಅವನು ಮುಚ್ಚಿಕೊಳ್ಳಲಿಲ್ಲ.

"ನಾನು ಅಂದ್ರೆ ನೀವು ನಿಂತುಬಿಡ್ತೀರಿ," ಎಂದ. "ಅದಕ್ಕೇ ಅನ್ನಲ್ಲ. ಅಲ್ಲೊಬ್ಬರು ನಿಮ್ಮನ್ನ ನಂಬಿ ಕೂತಿದ್ದಾರೆ. ಅವರೇನು ತಪ್ಪು ಮಾಡಿದ್ದಾರೆ? ಕೇಳಬೇಕಾದ ಹೊತ್ತಿಗೆ ಕೇಳಿದ್ರು, ಅಷ್ಟೇ."

ಇದು ದೊಡ್ಡತನವೋ ಪುಕ್ಕಲುತನವೋ ಅವಳಿಗೆ ಗೊತ್ತಾಗಲಿಲ್ಲ. ಎರಡೂ ಇರಬಹುದು.

"ಆ ಫೋಲ್ಡರ್ ಅಳಿಸಿಬಿಡಿ," ಎಂದ ಅವನು. "ಟೈಲರಮ್ಮ ಸಂಜೆ ಬರ್ತಾರೆ."

"ಅಳಿಸೋದೇನೂ ಬೇಕಿಲ್ಲ. ಪೆನ್‌ಡ್ರೈವ್‌ಗೆ ಹಾಕಿಕೊಡ್ತೀನಿ, ಇಟ್ಕೊಳ್ಳಿ."

"ಬೇಡ ಮೇಡಂ. ಎಲ್ಲಿಟ್ಟರೂ ನಾನು ಮತ್ತೆ ಇಲ್ಲೇ ತಂದು ಹಾಕ್ತೀನಿ. ನನ್ನ ಬುದ್ಧಿ ನಂಗೊತ್ತು. ಆಮೇಲೆ ಇನ್ಯಾರಿಗೋ ಗಾಯ ಆಗುತ್ತೆ."

ಅವಳು ಫೋಲ್ಡರನ್ನು ಆರಿಸಿದಳು. ಖಚಿತವೇ ಎಂದು ಕಂಪ್ಯೂಟರ್ ಕೇಳಿತು. ಅವನು ಕಿಟಕಿಯ ಕಡೆ ತಿರುಗಿಕೊಂಡಿದ್ದ. ಹೌದು ಎಂಬುದನ್ನು ಒತ್ತುವಾಗ ಪರದೆ ಮಂಜಾಗಿ ಕಾಣುತ್ತಿತ್ತು. ಹೊಸದನ್ನು ಹಾಕಿ ಸಾಫ್ಟ್‌ವೇರ್ ತೆರೆದಳು. ಮೂಲೆಯಲ್ಲಿ ಸರಿಯಾದ ಸಂಖ್ಯೆ ಬಂದಿತ್ತು.

ಅಚ್ಚು ಕೊರೆಯುವ ಯಂತ್ರ ಓಡುವಷ್ಟು ಹೊತ್ತೂ ಇಬ್ಬರೂ ಮಿಲಿಮೀಟರುಗಳ ಬಗ್ಗೆ ಮಾತ್ರ ಮಾತಾಡಿದರು. ತಂಗಿ ಎರಡು ಲೋಟ ಚಹಾ ತಂದಿಟ್ಟು, ಯಾರನ್ನೂ ರೇಗಿಸದೆ ಒಳಗೆ ಹೋದಳು.

ಸಂಜೆ ಟೈಲರಮ್ಮ ಬಂದು, ಕಾಲನ್ನು ಹೊಸ ಬಟ್ಟಲಿಗೆ ಇಳಿಸಿ, ಅಂಜುತ್ತಲೇ ಎದ್ದು ನಿಂತರು. ಅವನು ನೆಲದ ಮೇಲೆ ಮಂಡಿಯೂರಿ ಕೂತಿದ್ದ.

"ಎಲ್ಲಾದ್ರೂ ನೋಯುತ್ತಾ?"

"ಇಲ್ಲಪ್ಪ," ಎನ್ನುತ್ತಾ ಅವರು ಗೋಡೆಯ ತನಕ ನಡೆದು, ತಿರುಗಿ ಬಂದರು. "ಎಲ್ಲೂ ನೋವಿಲ್ಲ." ಅವಳ ಕಣ್ಣಲ್ಲಿ ನೀರು ಕಂಡು, ತಮಗಾಗಿ ಅತ್ತಳೆಂದುಕೊಂಡು ಕೆನ್ನೆ ಸವರಿದರು. "ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ," ಎಂದರು.

ಅವಳು ಚೀಲ ಹೆಗಲಿಗೇರಿಸಿದಳು. ಅವನು ಹಿಂದೆಯೇ ಬಾಗಿಲವರೆಗೂ ಬಂದ. ಬೀದಿದೀಪಗಳು ಹತ್ತಿಕೊಳ್ಳುತ್ತಿದ್ದವು, ಎದುರಿನ ಅಂಗಡಿಯವನು ಅರ್ಧ ಷಟರ್ ಎಳೆದಿದ್ದ. ಹೇಳುವುದೆಲ್ಲ ಮುಗಿದಿತ್ತು, ಆದರೂ ಇಬ್ಬರೂ ನಿಂತೇ ಇದ್ದರು.

"ಪ್ಲಗಿನ್ ಮತ್ತೆ ಕೈಕೊಟ್ಟರೆ ನಿಮ್ಮನ್ನ ಕರೀಬಹುದಾ?" ಎಂದು ಅವನು ಕೇಳಿದ. ಎರಡು ವರ್ಷದಲ್ಲಿ ಅವನು ತನಗಾಗಿ ಕೇಳಿದ್ದು ಅದೊಂದೇ.

ಕರೀಬಹುದು ಎಂದು ಸುಳ್ಳು ಹೇಳಲು ಅವಳಿಗೆ ಎಷ್ಟು ಆಸೆಯಾಯಿತೆಂದರೆ, ಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕಾಯಿತು.

"ಕೈಕೊಡಲ್ಲ," ಎಂದಳು. "ಚೆನ್ನಾಗಿ ಸರಿ ಮಾಡಿದ್ದೀನಿ."