ಕೌದಿಯೊಳಗೆ ಮಿರ್ಚಿ, ಸುಸಲಾ

“ಏಯ್ ಮಿರ್ಚಿ, ಸರಿಯಲೇ ಆ ಕಡಿ! ಕೆಳಗ ಬೀಳ್ತೀನಿ ನಾ!”

ಮಿರ್ಚಿ ಸರಿಯಲಿಲ್ಲ. ಒಂದೇ ಕಣ್ಣು ತೆರೆದು ದೇವಿಕಾಳನ್ನು ನೋಡಿತು. ಬಿದ್ದರ ಬೀಳು, ನನಗೇನು ಅನ್ನುವ ಹಾಗೆ ಮತ್ತೆ ಮುಚ್ಚಿಕೊಂಡಿತು. ಕೌದಿಯ ಒಳಗಿಂದ ಸುಸಲಾ ಕೂಡ ಗುರ್ ಅಂತು.

ಇವೆರಡೂ ಡ್ಯಾಶ್‌ಹಂಡ್ ನಾಯಿಗಳು. ಮೈ ನೋಡಿದರೆ ಮಾರುದ್ದ, ಕಾಲು ನೋಡಿದರೆ ಗೇಣುದ್ದವೂ ಇಲ್ಲ. “ದೇವರು ಎರಡು ನಾಯಿ ಮಾಡೋ ಮಣ್ಣು ಒಂದಕ್ಕ ಹಚ್ಯಾನ. ಕಾಲಿಗೆ ಬರೋದ್ರಾಗ ಮಣ್ಣ ತೀರ್ಯಾದ” ಅಂತ ಆಯಿ ನಗುತ್ತಿದ್ದಳು. ಆಯಿ ಅಂದರೆ ಅಪ್ಪನ ಅವ್ವ, ಅಮೃತಮ್ಮ.

ಆ ಕಾಲಿಂದ ಮಂಚ ಹತ್ತಲು ಆಗುತ್ತದೆಯೇ? ದೇವಿಕಾಳೇ ಎತ್ತಿ ಹಾಕಬೇಕು. ಹಾಕಿದ ಮೇಲೆ ಮಂಚ ಅವರಪ್ಪನದೇ! ಒಂದು ಅಡ್ಡ ಮಲಗುತ್ತದೆ, ಇನ್ನೊಂದು ಉದ್ದ ಮಲಗುತ್ತದೆ. ದೇವಿಕಾಳಿಗೆ ಉಳಿಯುವುದು ಅಂಚಿನ ಒಂದು ಪಟ್ಟಿ ಮಾತ್ರ.

ಮೊದಲು ಹೀಗಿರಲಿಲ್ಲ. ಜೂನ್ ತನಕ ಈ ಮಂಚದಲ್ಲಿ ಅಣ್ಣ ಆನಂದಕುಮಾರನೂ ಮಲಗುತ್ತಿದ್ದ. ನಾಯಿಗಳು ಅವನ ಕಾಲ ಹತ್ತಿರ ಇರುತ್ತಿದ್ದವು. ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಮಾಡುವ ನಬೀಸಾಬ್ ಕಾಕಾ ಅವುಗಳನ್ನು ಮರಿ ಇದ್ದಾಗ ತಂದುಕೊಟ್ಟದ್ದೂ ಅಣ್ಣನಿಗೇ.

ಅಣ್ಣ ಕಲಬುರಗಿಯ ಹಾಸ್ಟೆಲ್ ಶಾಲೆಗೆ ಹೋದ ದಿನ ದೇವಿಕಾ “ಇಡೀ ಮಂಚ ನಂದು!” ಅಂತ ಕುಣಿದಳು. ಅವನ ದೊಡ್ಡ ಕೌದಿಯನ್ನೂ ಎಳೆದುಕೊಂಡಳು. ಆಯಿ ತನ್ನ ಹಳೇ ಸೀರೆಗಳನ್ನೆಲ್ಲ ಸೇರಿಸಿ ಹೊಲಿದ ಕೌದಿ ಅದು. ಅವತ್ತೇ ನಾಯಿಗಳು ಅದರೊಳಗೆ ನುಗ್ಗಿದವು.

ದೇವಿಕಾ ಬಾಯಲ್ಲಿ ಬೈದಳು, ಆದರೆ ಒಳಗೊಳಗೆ ಭಾಳ ಖುಷಿ. ಭಾನುವಾರ ಅಣ್ಣ ಫೋನ್ ಮಾಡಿದಾಗ ಸುಮ್ಮನಿರಬೇಕಲ್ಲ!

“ಮಿರ್ಚಿ, ಸುಸಲಾ ಏನ್ ಮಾಡಾಕತ್ತಾವ?”

“ನನ್ನ ಮಗ್ಗಲದಾಗ ಮಲಗ್ಯಾವ. ನಿನ್ನ ಮರತೇ ಬಿಟ್ಟಾವ. ನಿನ್ನ ಹೆಸರ ಹೇಳಿದ್ರ ಕಿವಿ ಸೈತ ಅಲ್ಲಾಡ್ಸಂಗಿಲ್ಲ.”

“ಸುಳ್ಳ.”

“ಖರೇ ಅಣ್ಣಾ, ಆಯಿ ಆಣಿ!”

“ಏಯ್, ನನ್ನ ಆಣಿ ಯಾಕ ಹಾಕ್ತಿ? ನಾ ಇನ್ನಾ ಬದುಕಬೇಕ!” ಆಯಿ ಮೂಲೆಯಿಂದ ಕೂಗಿದಳು.

“ದಸರಾ ಸೂಟಿಗೆ ಬರ್ತೀನಲ್ಲ, ನೋಡೋಣ” ಅಂದ ಆನಂದ. “ಯಾರ ಹತ್ರ ಮಲಗ್ತಾವ, ನಾಯಿ ಅವರವು. ಶರತ್ತ?”

“ಶರತ್ತ! ಸೋತವರು ಸೂಟಿ ತುಂಬಾ ಆಯಿ ಬಾಜೂಕ ಮಲಗಬೇಕು!”

ಇದು ಸಣ್ಣ ಶಿಕ್ಷೆಯಲ್ಲ. ಆಯಿ ಗೊರಕೆ ಹೊಡೆದರೆ ಕಲ್ಲು ಕೊಯ್ಯುವ ಮಷೀನು ಮನೆಯೊಳಗೆ ಬಂದ ಹಾಗೆ.

ದಸರಾ ಬಂತು. ಹಬ್ಬದ ಮುಂಚೆ ಹಾಸಿಗೆ ಹೊದಿಕೆ ಎಲ್ಲ ಒಗೆಯುವುದು ಅವರ ಮನೆಯ ಪದ್ಧತಿ. ವರ್ಷಕ್ಕೊಮ್ಮೆ ಮಾತ್ರ ಕೌದಿಗಳಿಗೆ ಸ್ನಾನ. ಅವ್ವ ಅಂಗಳದ ಫರಸಿಯ ಮೇಲೆ ಹಾಕಿ ಬಡಿದಳು, ತಿಕ್ಕಿದಳು, ಗೋಡೆಯ ಮೇಲೆ ಹರವಿದಳು. ಸಂಜೆಗೆ ಕೌದಿ ಸಾಬೂನಿನ ವಾಸನೆಯಿಂದ ಘಮ್ ಅಂತಿತ್ತು.

ರಾತ್ರಿ ದೇವಿಕಾ ಮಿರ್ಚಿಯನ್ನು ಎತ್ತಿ ಮಂಚಕ್ಕೆ ಹಾಕಿದಳು. ಮಿರ್ಚಿ ಕೌದಿಯನ್ನು ಈ ತುದಿಯಿಂದ ಆ ತುದಿಗೆ ಮೂಸಿತು. ಒಂದು ಸೀನು ಸೀನಿತು. ಧೊಪ್ಪಂತ ಕೆಳಗೆ ಹಾರಿತು. ಸುಸಲಾ ಕೂಡ ಹಾಗೇ ಮಾಡಿತು.

“ಬರ್ರಿ ಬರ್ರಿ, ಬಿಸ್ಕೀಟ ಕೊಡ್ತೀನಿ!”

ಬಂದವು, ತಿಂದವು, ಹೋದವು. ಎಂಥಾ ನಾಯಿಗಳಪ್ಪ, ನಾಚಿಕೆ ಅನ್ನುವುದೇ ಇಲ್ಲ!

ದೇವಿಕಾ ಹಿಂದೆಯೇ ಹೋಗಿ ನೋಡಿದಳು. ಬಾಗಿಲ ಹಿಂದೆ ಅಣ್ಣನ ಹಳೇ ಬೂಟುಗಳಿದ್ದವು. ಮಿರ್ಚಿ ಒಂದರೊಳಗೆ ಮೂಗು ತುರುಕಿತ್ತು, ಸುಸಲಾ ಇನ್ನೊಂದರೊಳಗೆ. ಎರಡೂ ಕಣ್ಣು ಮುಚ್ಚಿದ್ದವು.

ಕೌದಿ ಅಣ್ಣನದು. ಬೂಟೂ ಅಣ್ಣನದು. ಒಗೆದ ಕೌದಿಯಲ್ಲಿ ಅಣ್ಣನ ವಾಸನೆ ಹೋಗಿತ್ತು, ಬೂಟಿನಲ್ಲಿ ಇನ್ನೂ ಇತ್ತು. ಹಾಗಾದರೆ ಇಷ್ಟು ದಿನ ಅವು ಮಲಗಿದ್ದು ತನ್ನ ಹತ್ತಿರ ಅಲ್ಲವೇ ಅಲ್ಲ! ದೇವಿಕಾಳಿಗೆ ಸಿಟ್ಟು ಬಂತು, ಅಳುವೂ ಬಂತು. ಮಂಚಕ್ಕೆ ಹೋಗಿ ಕೈಕಾಲು ಚಾಚಿ ಮಲಗಿದಳು. ಇಡೀ ಮಂಚ ಅವಳದೇ ಆಗಿತ್ತು. ಹೊರಳಿದಳು, ಮತ್ತೆ ಹೊರಳಿದಳು. ನಿದ್ದೆ ಮಾತ್ರ ಹತ್ತಲಿಲ್ಲ.

ಮರುದಿನ ಮಧ್ಯಾಹ್ನ ಆನಂದ ಬಂದ. ಚೀಲ ಹೆಗಲಿಗೆ ಹಾಕಿಕೊಂಡು ಗೇಟಿನ ಹತ್ತಿರವೇ ನಿಂತ. ಒಳಗೆ ಬರಲಿಲ್ಲ, ಯಾರನ್ನೂ ಕರೆಯಲಿಲ್ಲ.

“ಯಾಕಣ್ಣಾ, ನಾಯಿಗೋಳನ್ನ ಕರಿಯಲ್ಲೇನು?”

ಆನಂದ ನೆಲ ನೋಡಿದ. “ಗುರುತ ಹಿಡೀಲಿಲ್ಲಂದ್ರ?”

ಶರತ್ತು ಹಾಕಿದ ಅಣ್ಣ ಇವನೇನಾ ಅನಿಸಿತು ದೇವಿಕಾಳಿಗೆ. ಹಾಸ್ಟೆಲ್ಲಿನಲ್ಲಿ ದಿನಾ ಇದನ್ನೇ ನೆನೆಸಿಕೊಂಡು ಮಲಗಿದ್ದಾನೇನೋ. ಅವಳಿಗೆ ತನ್ನ ಮೇಲೇ ಬೇಸರ ಬಂತು.

“ನಾ ಸುಳ್ಳ ಹೇಳಿದ್ದೆ ಅಣ್ಣಾ. ಅವು ನಿನ್ನ ಬೂಟಿನಾಗ ಮೂಗಿಟ್ಟು ಮಲಗ್ಯಾವ. ನನ್ನ ಹತ್ರ ಬರವಲ್ಲವು.”

ಆನಂದ ಅವಳ ಮುಖವನ್ನೇ ನೋಡಿದ. ಆಮೇಲೆ ಓಣಿಗೆಲ್ಲ ಕೇಳುವ ಹಾಗೆ ಕೂಗಿದ. “ಮಿರ್ಚೀ! ಸುಸಲಾ!”

ಎಂಟು ಗಿಡ್ಡ ಕಾಲುಗಳು ಫರಸಿಯ ಮೇಲೆ ಟಕಟಕ ಓಡಿಬಂದವು. ತಿರುವಿನಲ್ಲಿ ಸುಸಲಾ ಜಾರಿ ಬಿತ್ತು, ಎದ್ದು ಮತ್ತೆ ಓಡಿತು. ಆನಂದ ಅಂಗಳದಲ್ಲೇ ಕುಸಿದು ಕೂತ. ಅವು ಅವನ ಮುಖ, ಕಿವಿ, ಕನ್ನಡಕ ಎಲ್ಲ ನೆಕ್ಕಿದವು. ನೋಡುತ್ತ ದೇವಿಕಾಳಿಗೂ ನಗು ಬಂತು.

ಸೂಟಿ ಮುಗಿಯುವ ತನಕ ಮಂಚದಲ್ಲಿ ಅದೇ ಕೌದಿ ಹೊದ್ದು ಅಣ್ಣ ನಾಯಿಗಳ ಜೊತೆ ಮಲಗಿದ, ಅವಳು ಆಯಿಯ ಬಾಜೂಕೆ ಮಲಗಿದಳು. ಶರತ್ತು ಅಂದರೆ ಶರತ್ತು. ಕಿವಿಗೆ ಹತ್ತಿ ಮಾತ್ರ ಇಟ್ಟುಕೊಂಡಿದ್ದಳು.

ಅಣ್ಣ ಹಾಸ್ಟೆಲ್ಲಿಗೆ ಹೊರಟುಹೋದ ಸಂಜೆ ಅವ್ವ ಮಂಚದ ಹತ್ತಿರ ಬಂದಳು. “ಆ ಕೌದಿ ಕೊಡು. ತುಂಬಾ ನಾಯಿ ಕೂದಲಾ ಹತ್ಯಾವ, ನಾಳಿಗೆ ಒಗೀತೀನಿ.”

ದೇವಿಕಾ ಓಡಿಹೋಗಿ ಕೌದಿಯ ಮೇಲೆ ಕೂತಳು. “ಬ್ಯಾಡ. ಮೊನ್ನೇನ ಒಗದೀದಿ.”

“ಒಗದ್ರ ಏನಾಗ್ತದ ನಿನಗ?”

“ನಾಯಿಗೋಳಿಗೆ ನಿದ್ದಿ ಬರಂಗಿಲ್ಲ.”

“ನಾಯಿಗೋಳಿಗೇ?” ಅಂತ ಆಯಿ ಕೇಳಿದಳು. ಸೆರಗಿನ ಹಿಂದೆ ನಗುತ್ತಿದ್ದಳು ಮುದುಕಿ.

ದೇವಿಕಾ ಮಂಚದಿಂದ ಇಳಿದಳು. ಮಿರ್ಚಿಯನ್ನು ಎತ್ತಿ ಹಾಕಿದಳು, ಸುಸಲಾವನ್ನು ಎತ್ತಿ ಹಾಕಿದಳು. ಎರಡೂ ಕೌದಿಯನ್ನು ಮೂಸಿ, ಒಳಗೆ ನುಗ್ಗಿ, ಅಣ್ಣನ ಜಾಗದಲ್ಲಿ ಉದ್ದಕ್ಕೆ ಚಾಚಿಕೊಂಡವು.

ದೇವಿಕಾ ತಾನೇ ಅಂಚಿಗೆ ಸರಿದಳು. ಕೌದಿಯನ್ನು ಮೂಗಿನ ತನಕ ಎಳೆದುಕೊಂಡು ಕಣ್ಣು ಮುಚ್ಚಿದಳು.