ಬಣ್ಣ ಬದಲಾದ ಮಾತ್ರೆ

"ಅಮ್ಮನಿಗೆ ಏನು ಕೊಡ್ತಿದ್ದೀಯ ನೀನು? ನಿಜ ಹೇಳು!"

ಗಂಡ ರಕ್ತಪರೀಕ್ಷೆಯ ಕಾಗದವನ್ನು ಹೊಲಿಗೆ ಯಂತ್ರದ ಮೇಲೆ ಬಿಸಾಕಿದಾಗ ಅವಳ ಕಾಲು ಪೆಡಲಿನ ಮೇಲೆಯೇ ನಿಂತುಹೋಯಿತು. ದಿನಾ ತಪ್ಪದೆ ಮಾತ್ರೆ ನುಂಗುತ್ತಿದ್ದ ಅತ್ತೆಗೆ ಕೊಲೆಸ್ಟ್ರಾಲ್ ಇಳಿಯುವುದಿರಲಿ, ಮೊದಲಿಗಿಂತ ಏರಿ ಕೂತಿತ್ತು. ಇನ್ನೊಮ್ಮೆ ಎದೆನೋವು ಬಂದರೆ ಜೀವಕ್ಕೆ ಭರವಸೆಯಿಲ್ಲ ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿ ಕಳಿಸಿದ್ದರು.

ಪಾಪ, ಅವಳೇನು ಹೇಳಿಯಾಳು! ಗಂಡ ದುಡಿಯುತ್ತಿದ್ದ ಮುದ್ರಣಾಲಯ ಬಾಗಿಲು ಹಾಕಿದಾಗಲೇ ಮನೆಯವರ ಆರೋಗ್ಯ ವಿಮೆಯೂ ಕೈತಪ್ಪಿತ್ತು. ಅಲ್ಲಿಂದಾಚೆಗೆ ಔಷಧಿ ಬರುತ್ತಿದ್ದದ್ದು ಇವಳು ಕಂಡವರ ಬಟ್ಟೆ ಹೊಲಿದು ತಂದ ಕಾಸಿನಲ್ಲಿ. ಅದೇ ಔಷಧಿ ಬೇರೆ ಕಂಪನಿಯದ್ದು ಅರ್ಧಕ್ಕಿಂತ ಕಮ್ಮಿಗೆ ಸಿಗುತ್ತದೆಂದು ಮೆಡಿಕಲ್ ಅಂಗಡಿಯವನು ಹೇಳಿದ. ಡಾಕ್ಟರೂ ಆಗಬಹುದೆಂದು ತಲೆಯಾಡಿಸಿದರು. ಆದರೆ ಅತ್ತೆಯ ಬಾಯಿ! ನನ್ನ ಪ್ರಾಣದಲ್ಲೂ ಉಳಿತಾಯ ಮಾಡ್ತಾಳೆ ಎಂದು ಬೀದಿಗೆಲ್ಲ ಡಂಗುರ ಸಾರದೆ ಬಿಟ್ಟಾಳೆಯೇ? ಅದಕ್ಕೇ ಇವಳು ಕಂಪನಿಯ ಹೆಸರಿದ್ದ ಮಾತ್ರೆಯ ಪಟ್ಟಿಯನ್ನು ತೋರಿಸದೆ, ಅದರಿಂದ ಮಾತ್ರೆ ಬಿಡಿಸಿ ಅತ್ತೆಯ ಅಂಗೈಗೆ ಹಾಕುತ್ತಿದ್ದಳು. ಬಿಳಿ ಮಾತ್ರೆ ಗುಲಾಬಿ ಹೇಗಾಯಿತೆಂದು ಅತ್ತೆ ಕೇಳಿದ್ದಕ್ಕೆ, ಕಂಪನಿಯವರೇ ಬಣ್ಣ ಬದಲಿಸಿದ್ದಾರೆ ಎಂದು ಹಸಿ ಸುಳ್ಳು ಹೇಳಿದ್ದಳು.

ಈಗ ಅದನ್ನೆಲ್ಲ ಗಂಡನೆದುರು ಒಪ್ಪಿಕೊಂಡಳು. ಅವನು ಪೂರ್ತಿ ಕೇಳಿಸಿಕೊಂಡನೇ? ಅಗ್ಗದ ಮಾತ್ರೆ ಎಂಬ ಒಂದೇ ಮಾತು ಹಿಡಿದು, ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ಕಾಲು ಸುಟ್ಟ ಬೆಕ್ಕಿನಂತೆ ತಿರುಗಿದ. ನಿನ್ನ ಹೆತ್ತವಳಾಗಿದ್ದರೆ ಹೀಗೆ ಮಾಡುತ್ತಿದ್ದೆಯಾ ಎಂದ. ಇನ್ನು ಈ ಮನೆಯ ಋಣ ಸಾಕೆಂದು ಅವಳು ಎದ್ದು ಬಟ್ಟೆ ಗಂಟು ಕಟ್ಟತೊಡಗಿದಳು.

ಆಗ ಒಳಕೋಣೆಯಿಂದ ಅತ್ತೆ ಗೋಡೆ ಹಿಡಿದುಕೊಂಡು ಬಂದಳು.

"ಅವಳನ್ನ ಬೈಬೇಡ ಕಣೋ. ಮಾತ್ರೆ ನಾನು ನುಂಗ್ಲೇ ಇಲ್ಲ. ನಾಲಿಗೆ ಕೆಳಗಿಟ್ಕೊಂಡಿದ್ದು, ಅವಳು ಆ ಕಡೆ ಹೋದ್ಮೇಲೆ ಬಚ್ಚಲಲ್ಲಿ ಉಗೀತಿದ್ದೆ."

"ಯಾಕಮ್ಮ?" ಮಗನ ತಿರುಗಾಟ ನಿಂತಿತು.

ಅತ್ತೆ ತಲೆ ತಗ್ಗಿಸಿದಳು. ಬಣ್ಣ ಬದಲಾದಾಗಿನಿಂದ, ಸೊಸೆ ತನ್ನನ್ನು ಸಾಗಹಾಕಲು ಏನೋ ಕೊಡುತ್ತಿದ್ದಾಳೆಂಬ ಅನುಮಾನ ಅವಳ ತಲೆ ಹೊಕ್ಕಿತ್ತಂತೆ!

ಸೊಸೆಯ ಕೈಯಿಂದ ಗಂಟು ಜಾರಿತು. "ಹಾಗಿದ್ರೆ ಅತ್ತೆ... ನಾನು ಮಾಡಿದ ಅಡುಗೆ ಯಾಕೆ ಉಣ್ತಿದ್ರಿ?"

"ಹಸಿವಾಗ್ತಿತ್ತಲ್ಲಮ್ಮ..."

ಅಷ್ಟು ಹೇಳಿ ಮುದುಕಿ ಬಿಕ್ಕಿ ಬಿಕ್ಕಿ ಅತ್ತಳು. ಜನ್ಮದಲ್ಲಿ ಸೊಸೆಯೆದುರು ಸೋಲದವಳು ಅಳುತ್ತಲೇ ಅಂಗೈ ಚಾಚಿದಳು. "ಅಗ್ಗದ್ದೇ ಕೊಡು. ಆದ್ರೆ ಹೇಳಿ ಕೊಡು."

ಮಗ ಕುರ್ಚಿಗೆ ಕುಸಿದಿದ್ದ. ಹೆಂಡತಿಯ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ. ಸೊಸೆ ಕಣ್ಣೊರೆಸಿಕೊಂಡು ಮಾತ್ರೆಯ ಪಟ್ಟಿಯನ್ನೇ ತಂದು ಅತ್ತೆಯ ಕೈಗಿಟ್ಟಳು. ಅತ್ತೆ ತಾನೇ ಒಂದನ್ನು ಬಿಡಿಸಿ ನುಂಗಿದಳು. ನುಂಗಿ, ಚಿಕ್ಕ ಮಗುವಿನಂತೆ ಬಾಯಿ ಅಗಲಿಸಿ, ನಾಲಿಗೆಯೆತ್ತಿ ತೋರಿಸಿದಳು.

ಸೊಸೆ ಮುಖ ಆಚೆ ತಿರುಗಿಸಿಕೊಂಡಳು.

"ತೋರಿಸೋದು ಬೇಡ ಅತ್ತೆ. ನೀರು ಕುಡೀರಿ."