ಪಾಯಕ್ಕೆ ಹೋದ ಒಗೆಯೋ ಕಲ್ಲು

ಸೇತುವೆ ಕಟ್ಟಿಸಿದೋರನ್ನ ಹೊಗಳೋ ಜನಕ್ಕೆ ಹೆಬ್ಬಾಳದ ಕೋಡಿ ಕಾಲುವೆ ತೋರಿಸಬೇಕು. ಮೊದಲು ಅಲ್ಲಿ ದಾಟೋಕೆ ತೆಂಗಿನ ದಿಮ್ಮಿ ಇತ್ತು, ಆಮೇಲೆ ಚಪ್ಪಡಿ ಕಲ್ಲು ಬಂತು. ಅವೆರಡೂ ಯಾರ ತಂಟೆಗೂ ಹೋಗಲಿಲ್ಲ. ಎಂಬತ್ತೆರಡರಲ್ಲಿ ಸಿಮೆಂಟಿನ ಸೇತುವೆ ಕಟ್ಟೋ ಕಂಟ್ರಾಕ್ಟು ನಮ್ಮಕ್ಕನ ಗಂಡ ಉಪೇಂದ್ರನಿಗೆ ಸಿಕ್ಕಿತು. ಮಹಾ ಜಿಪುಣ. ದಡದಲ್ಲಿದ್ದ ಅಗಸರ ಒಗೆಯೋ ಕಲ್ಲನ್ನೇ ಎತ್ತಿಸಿ ಪಾಯಕ್ಕೆ ಹಾಕಿಸಿದ.

"ಬ್ಯಾಡಿ ಸ್ವಾಮಿ, ನಮ್ಮತ್ತೆ ಸಾಯೋಗಂಟ ಒಗೆದ ಕಲ್ಲು. ವರ್ಸಾ ವರ್ಸಾ ಪೂಜೆ ಮಾಡ್ತೀವಿ," ಅಂದಳು ಅಗಸರ ಪುಟ್ಟಲಕ್ಷ್ಮಿ.

"ಕೊಳೆ ಬಟ್ಟೆ ಕಲ್ಲಿಗೆ ಎಂಥ ಪೂಜೆ ಕಣೇ?" ಅಂತ ನಕ್ಕ ಆ ಪುಣ್ಯಾತ್ಮ.

ಮುಂದಿನ ಬೇಸಿಗೇಲಿ ಒಂದು ಮಧ್ಯಾಹ್ನ ನಾನೂ ಭಾವನೂ ಆ ಸೇತುವೆ ಮೇಲೆ ನಿಂತಿದ್ವಿ. ಕಾಲುವೇಲಿ ಹನಿ ನೀರಿರಲಿಲ್ಲ. ಆದ್ರೂ ಕೆಳಗಿಂದ ಬಟ್ಟೆ ಒಗೆಯೋ ಸದ್ದು ಬರ್ತಿತ್ತು. ಅಂಥ ಬಿಸಿಲಲ್ಲೂ ಸೇತುವೆ ಕಂಬಿ ಹಿಡಿದರೆ ತಣ್ಣಗೆ ಕೈ ಕೊರೀತಿತ್ತು. "ಯಾವಳೇ ಅದು?" ಅಂತ ಬೈಕೊಂಡು ಭಾವ ಕೆಳಗಿಳಿದ, ಯಾರೂ ಇಲ್ಲ ಅಂತ ವಾಪಸ್ ಬಂದ. ಅವತ್ತೇ ಅಂಗಡಿಯಿಂದ ತಂದು ಹಾಕ್ಕೊಂಡಿದ್ದ ಅಂಗಿ ಬಟ್ಟೆ ಒಗೆಯೋ ಚೌಳುಮಣ್ಣಿನ ವಾಸನೆ ಹೊಡೀತಿತ್ತು. ಕಾಲರಿನ ಒಳಗೆ ಗೇರುಮಸಿಯ ಗುರುತು, ಅಗಸರು ಮನೆಮನೆ ಬಟ್ಟೆಗೆ ಹಾಕೋ ಥರದ್ದು.

ಪುಟ್ಟಲಕ್ಷ್ಮಿಗೆ ತೋರಿಸಿದೆ. ಅವಳು ಮುಟ್ಟಲಿಲ್ಲ. "ನಮ್ಮತ್ತೆ ಆಕ್ತಿದ್ದ ಗುರುತು. ಸಾವಾದ ಮನೆ ಬಟ್ಟೆ ಬ್ಯಾರೆ ಇಡಾಕೆ," ಅಂದಳು.

ಭಾವ ಅದಕ್ಕೂ ನಕ್ಕ. ನಮ್ಮಕ್ಕನ ಮನೇಲಿ ಆ ಹೊತ್ತಿಗೆ ಎಲ್ಲರೂ ಚೆನ್ನಾಗೇ ಇದ್ದರು.